ಬರೆದವರು ಬಿಟ್ಟು ಹೋದ ಮೇಲೂ ಸಿಮ್ಯುಲೇಶನ್ ಸಾಫ್ಟ್‌ವೇರ್ ಉಳಿಯುವುದು ಹೇಗೆ?

ಎಲ್ಲವೂ ಉಳಿಯುವುದಿಲ್ಲ. ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟರೆ ಎಷ್ಟೋ ಕೋಡ್ ಅಲ್ಲೇ ನಿಂತುಹೋಗುತ್ತದೆ. ಉಳಿದಿದ್ದಕ್ಕೆ ಲ್ಯಾಂಪ್ಸ್ (LAMMPS) ಒಳ್ಳೆಯ ಉದಾಹರಣೆ. ಪರಮಾಣುಗಳ ಓಡಾಟ ಲೆಕ್ಕ ಹಾಕುವ ಸಾಫ್ಟ್‌ವೇರ್ ಇದು. 1990ರ ದಶಕದಲ್ಲಿ ಅಮೆರಿಕದ ಸ್ಯಾಂಡಿಯಾ ಲ್ಯಾಬ್‌ನಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರುವಾಯಿತು. 2004ರಲ್ಲಿ ಸಿ++ ಭಾಷೆಯಲ್ಲಿ ಹೊಸದಾಗಿ ಬರೆದ ರೂಪ ಓಪನ್ ಸೋರ್ಸ್ ಆಗಿ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ ಹಾಗೆ, ಹೊರಬಂತು.

ಗುಟ್ಟಿರುವುದು ಅದನ್ನು ಕಟ್ಟಿರುವ ರೀತಿಯಲ್ಲಿ. ಕಣಗಳ ನಡುವಿನ ಬಲಕ್ಕೆ ಹೊಸ ಸೂತ್ರ ಬೇಕಾ? ಸಾಮಾನ್ಯವಾಗಿ ಎರಡು ಫೈಲ್ ಬರೆದು ಸೇರಿಸಿದರೆ ಸಾಕು, ಮೂಲ ಕೋಡ್ ಮುಟ್ಟಬೇಕಿಲ್ಲ. ಆದರೆ ಸುಮ್ನೆ ಕೋಡ್ ಕೊಟ್ಟರೆ ಆಗುವುದಿಲ್ಲ, ಮ್ಯಾನ್ಯುಯಲ್‌ಗೆ ವಿವರಣೆಯನ್ನೂ ಬರೆದುಕೊಡಬೇಕು.

ಇನ್ನು ದುಡ್ಡು. ಹೊಸ ಫೀಚರ್‌ಗೆ ಗ್ರಾಂಟ್ ಸಿಗುತ್ತದೆ, ಹಳೇ ಬಗ್ ತಿದ್ದುವುದಕ್ಕೆ ಯಾರು ಕೊಡುತ್ತಾರೆ? ಸಂಬಳ ಪಡೆದು ಇದನ್ನೇ ನೋಡಿಕೊಳ್ಳುವ ಒಂದಿಬ್ಬರಾದರೂ ಬೇಕೇ ಬೇಕು ಅಂತ ನನಗನಿಸುತ್ತದೆ. ಲ್ಯಾಂಪ್ಸ್‌ಗೆ ಅಂಥವರು ಸ್ಯಾಂಡಿಯಾದಲ್ಲೂ ಟೆಂಪಲ್ ವಿಶ್ವವಿದ್ಯಾಲಯದಲ್ಲೂ ಸಿಕ್ಕರು.