ಐಟಿ ಕೆಲಸ ಬಿಟ್ಟು, ಜೀನೋಮ್ (ಒಬ್ಬರ ಇಡೀ ಡಿಎನ್‌ಎ) ಡೇಟಾದಿಂದ ಜನರ ಆರೋಗ್ಯಕ್ಕೆ ಏನಾದರೂ ಮಾಡಬೇಕು ಅಂತಿದ್ದೇನೆ. ಸಕ್ಕರೆ ಕಾಯಿಲೆ ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವ ಒಂದು ಆ್ಯಪ್ ಮಾಡುವ ಆಸೆ. ಯಾವ ಕೋರ್ಸ್ ಸೇರಲಿ?

ಸಕ್ಕರೆ ಕಾಯಿಲೆ ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವ ಆ್ಯಪ್ ಮಾಡಬೇಕು ಅಂದಿದ್ದೀರಲ್ಲ, ನಾನೂ ಅದಕ್ಕೇ ಬೆಳ್ಳಂದೂರಿನ ಕೆಲಸ ಬಿಟ್ಟು ಒಂದು ಚಿಕ್ಕ ಕಂಪನಿ ಸೇರಿದ್ದೆ. ಎಂಜಲಿನ ಸ್ಯಾಂಪಲ್‌ನಿಂದ ಡಿಎನ್‌ಎ ಓದಿ ಡಯಾಬಿಟಿಸ್ ರಿಸ್ಕ್‌ಗೆ ಅಂಕ ಕೊಡುವುದು ನಮ್ಮ ಕೆಲಸ.

ಆ ಅಂಕ ಹೇಗೆ ಬರುತ್ತದೆ ಗೊತ್ತಾ? ಡಿಎನ್‌ಎಯ ಎಷ್ಟೋ ಕಡೆ ಇರುವ ಸಣ್ಣ ಸಣ್ಣ ವ್ಯತ್ಯಾಸಗಳಿಗೆ ಒಂದೊಂದು ತೂಕ ಕೊಟ್ಟು ಕೂಡುತ್ತಾರೆ. ಆ ತೂಕಗಳನ್ನು ನಾನು ಪ್ರಕಟವಾದ ಅಧ್ಯಯನಗಳಿಂದ ಹಾಗೇ ಎತ್ತಿಕೊಂಡೆ. ಅವು ಬಹುಪಾಲು ಯುರೋಪ್ ಮೂಲದವರ ಮೇಲೆ ನಡೆದವು. ಎಡವಿದ್ದು ಇಲ್ಲೇ. ನಾವು ಓದುವ ವ್ಯತ್ಯಾಸ ಬಹಳ ಸಲ ಕಾಯಿಲೆಗೆ ಕಾರಣವೇ ಅಲ್ಲ. ನಿಜವಾದ ಕಾರಣದ ಹತ್ತಿರ ಇರುವ ಗುರುತು ಅಷ್ಟೆ. ಯುರೋಪಿನವರಲ್ಲಿ ಆ ಗುರುತೂ ಕಾರಣವೂ ಜೊತೆಯಾಗಿಯೇ ಮಕ್ಕಳಿಗೆ ಇಳಿದು ಬಂದಿರುತ್ತವೆ. ನಮ್ಮಲ್ಲೂ ಆ ಜೋಡಿ ಅಷ್ಟೇ ಗಟ್ಟಿ ಇರಬೇಕು ಅಂತೇನಿಲ್ಲ. ಗುರುತು ಎಷ್ಟು ಜನರಲ್ಲಿ ಇದೆ ಅನ್ನುವುದೂ ಅಲ್ಲಿಗೂ ಇಲ್ಲಿಗೂ ಬೇರೆ ಬೇರೆ. ಹಾಗಾಗಿ ಅಂಕದ ಸರಾಸರಿಯೇ ಬದಲಾಗಿಬಿಡುತ್ತದೆ. ‘ಜಾಸ್ತಿ ರಿಸ್ಕ್’ ಅನ್ನುವ ಗೆರೆಯನ್ನೂ ನಾನು ಅಲ್ಲಿಂದಲೇ ತಂದಿದ್ದೆ. ಒಂದು ಕಚೇರಿಯವರಿಗೆ ರಿಪೋರ್ಟ್ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರದ್ದೂ ಕೆಂಪು! ಅವರ ಡಾಕ್ಟರು ಕೇಳಿದ್ದು ಇಷ್ಟೇ: “ಎಲ್ಲರಿಗೂ ಜಾಸ್ತಿ ಅಂದ್ರೆ, ಯಾರಿಗಿಂತ ಜಾಸ್ತಿ?” ಒಪ್ಪಂದ ಹೋಯಿತು. ಹಿಂದೆಯೇ ನನ್ನ ಕೆಲಸವೂ ಹೋಯಿತು.

ಕೋರ್ಸ್ ಮಾತು ಆಮೇಲೆ. ಆ ಆ್ಯಪ್ಪೇ ಬೇಡ. ಸೊಂಟಕ್ಕೆ ಟೇಪ್ ಹಿಡಿದು, ಅಪ್ಪ ಅಮ್ಮನಿಗೆ ಶುಗರ್ ಇದೆಯಾ ಅಂತ ಕೇಳಿದರೆ ಬೇಕಾದಷ್ಟು ತಿಳಿಯುತ್ತದೆ. ಜೀನ್ ವಿಚಾರ ನಿಜಕ್ಕೂ ಕೆಲಸಕ್ಕೆ ಬರುವುದು ಒಂದೇ ಜೀನ್ ಕೈಕೊಡುವ ಕಡೆ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ನೋಡಿ. ಗಂಡ ಹೆಂಡತಿ ಇಬ್ಬರೂ ಅದರ ಕ್ಯಾರಿಯರ್ ಆದರೆ, ಅಂದರೆ ಕಾಯಿಲೆ ಇಲ್ಲದೆಯೂ ಅದರ ಜೀನ್ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಯಾರು ಕ್ಯಾರಿಯರ್ ಅಂತ ಪತ್ತೆ ಹಚ್ಚಲು ಸಾಮಾನ್ಯವಾಗಿ ಎಚ್‌ಪಿಎಲ್‌ಸಿ ಅನ್ನುವ ರಕ್ತಪರೀಕ್ಷೆ ಸಾಕು, ಜೀನೋಮ್ ಓದಬೇಕಿಲ್ಲ. ವೈಶ್ಯ ಸಮುದಾಯದ ಕೆಲವರಲ್ಲಿ, ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಬೇಗ ಇಳಿಯುವುದಿಲ್ಲ. ನಿಮಿಷಗಳಲ್ಲಿ ಮರಳಬೇಕಾದ ಉಸಿರಿಗೆ ಗಂಟೆಗಟ್ಟಲೆ ವೆಂಟಿಲೇಟರ್ ಬೇಕಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಡಾಕ್ಟರು ಬೇರೆ ಔಷಧ ಕೊಡುತ್ತಾರೆ, ಮುಗೀತು.

ಕಲಿಯಲೇಬೇಕು ಅಂದರೆ ಸ್ಟ್ಯಾಟಿಸ್ಟಿಕ್ಸ್ ಕಲಿಯಿರಿ. ನಮ್ಮವರ ಡೇಟಾ ಈಗ ಇದೆ. ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿದೆ. 2025ರ ಜನವರಿಯಿಂದ ಅದು ಸಂಶೋಧಕರಿಗೆ ತೆರೆದಿದೆ. ನನ್ನ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೂ ನೋಡುತ್ತಿದ್ದೆನೋ ಇಲ್ಲವೋ, ಅಷ್ಟು ಜಂಬ ಆಗ.

ಕೆಲಸ ಮಾತ್ರ ಸುಮ್ನೆ ಬಿಡಬೇಡಿ. ಮೊದಲು ಒಬ್ಬ ಜೆನೆಟಿಕ್ ಕೌನ್ಸೆಲರ್ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ಸಲಹೆ ಕೊಡುವವರು) ಹತ್ತಿರ ಹೋಗಿ, ಯಾವ ಸಾಫ್ಟ್‌ವೇರ್ ಇಲ್ಲದೆ ಕಷ್ಟ ಆಗುತ್ತಿದೆ ಅಂತ ಕೇಳಿ. ವಂಶವೃಕ್ಷ ಬರೆಯುವ ಒಂದು ಕನ್ನಡ ಫಾರ್ಮ್ ಇದ್ದರೆ ಸಾಕು ಅಂದರೂ ಅಂದಾರು. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಲ್ಲಿ ಆ ಚಿತ್ರ ಬರೆಯುವುದೇ ದೊಡ್ಡ ತಲೆನೋವು.