ಕಾಫಿಗೆ ರೇಟು ಬಂದರೆ ಎಲ್ಲರಿಗೂ ಬಂತಾ?

ಪ್ರಶ್ನೆ: ಅಕ್ಕಾ, ನಾನು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಊರಲ್ಲಿ ನಮಗೂ ಎರಡು ಎಕರೆ ತೋಟ ಇದೆ. ಜಗತ್ತಿನ ಅಭಿವೃದ್ಧಿಗೆ ಅಸಮಾನತೆಯೇ ಅಡ್ಡಿ ಅಂತ ಪಾಠದಲ್ಲಿದೆ. ಆದರೆ ಕಾಫಿಗೆ ಒಳ್ಳೆ ರೇಟು ಬಂದರೆ ಇಡೀ ಊರೇ ಬೆಳೆಯುತ್ತದೆ ಅಲ್ವಾ? ಮೊದಲು ದುಡ್ಡು ಬರಲಿ, ಹಂಚಿಕೆ ಆಮೇಲೆ ನೋಡಿದರಾಯಿತು ಅನಿಸುತ್ತದೆ.
– ಓದುಗ, ಮೂಡಿಗೆರೆ

ಉತ್ತರ: ತಮ್ಮಾ, ರೇಟು ಬಂದರೆ ಊರಿಗೆ ದುಡ್ಡು ಬರುತ್ತದೆ, ನಿಜ. ಯಾರ ಕೈಗೆ ಬರುತ್ತದೆ ಅನ್ನೋದನ್ನೂ ನೋಡು. ಬಾಳೆಹೊನ್ನೂರಿನ ಹತ್ತಿರ ನಮ್ಮದು ಮೂರು ಎಕರೆ ರೊಬಸ್ಟಾ ಕಾಫಿ. ಕುಯ್ಲಿನ ಕೂಲಿ, ಮಕ್ಕಳ ಫೀಸು, ಸೊಸೈಟಿ ಸಾಲ ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಕಣದಲ್ಲಿ ಹಣ್ಣು ಒಣಗುವ ಮೊದಲೇ ವ್ಯಾಪಾರಿ ಮುಂಗಡ ಕೊಟ್ಟು ರೇಟು ಮಾತಾಡಿರುತ್ತಾನೆ. ದೊಡ್ಡ ತೋಟದವರು ಮೂಟೆ ಪೇರಿಸಿಟ್ಟು ಮಳೆಗಾಲದವರೆಗೂ ಕಾಯುತ್ತಾರೆ. ಕುಯ್ಲಿಗೆ ಬರುವ ಹೆಂಗಸರ ಮಾತಂತೂ ಬೇರೆ. ಕಾಫಿ ರೇಟು ಎರಡು ಪಟ್ಟಾದಾಗ ಅವರ ಕೂಲಿ ಎರಡು ಪಟ್ಟಾಯಿತಾ? ಇಲ್ಲ. ಕೂಲಿ ಕೊಡುವವಳಾಗಿಯೇ ಹೇಳುತ್ತಿದ್ದೇನೆ.

ರೇಟು ಬಿದ್ದಾಗ ಇನ್ನೂ ಕಷ್ಟ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅಂತ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಕೋಟಾ ಇತ್ತು, 1989ರಲ್ಲಿ ಅದು ಮುರಿದುಬಿತ್ತು. 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ನೆಲಕಚ್ಚಿತ್ತು. ಅಂಥ ವರ್ಷ ಕೈಯಲ್ಲಿ ಕಾಸಿಲ್ಲದವನಿಗೆ ಕಾಣುವುದು ತೋಟದ ಮರ. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರ ಮಾರುತ್ತಾನೆ, ಆಮೇಲೆ ಅಜ್ಜ ನೆಟ್ಟ ಹಲಸಿಗೂ ಕೈ ಹಾಕುತ್ತಾನೆ. ನೆರಳು ಹೋದರೆ ನೆಲದ ತೇವವೂ ಹೋಗುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಅಸಮಾನತೆ ತಗ್ಗಿಸುವುದು 10ನೆಯದು, ಕಾಡು ಉಳಿಸುವುದು 15ನೆಯದು. ನಮ್ಮ ತೋಟದಲ್ಲಿ ಇವೆರಡನ್ನು ಬೇರೆ ಮಾಡೋಕೆ ಆಗಲ್ಲ.

ಐರೋಪ್ಯ ಒಕ್ಕೂಟದ 2023ರ ಕಾನೂನು ನೋಡು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿ ಮಾರುವ ಹಾಗಿಲ್ಲ. ಜಾರಿ ಮುಂದಕ್ಕೆ ಹೋಗಿದೆ, ಆದರೂ ಇಂಥ ಕಾನೂನು ಬೇಕು ಅನ್ನುವವಳು ನಾನು. ಆದರೆ ತೋಟವನ್ನು ನಕ್ಷೆಯಲ್ಲಿ ಗುರುತಿಸಬೇಕು, ದಾಖಲೆ ಸರಿ ಇರಬೇಕು. ಎಸ್ಟೇಟುಗಳಲ್ಲಿ ಇದನ್ನು ನೋಡಿಕೊಳ್ಳೋಕೆ ಆಫೀಸು ಇದೆ, ಲೆಕ್ಕಪತ್ರ ಬರೆಯುವ ರೈಟರು ಇದ್ದಾರೆ. ನಮ್ಮಂಥವರ ಎಷ್ಟೋ ಪಹಣಿ ಇನ್ನೂ ತೀರಿಹೋದವರ ಹೆಸರಲ್ಲೇ ಇವೆ, ಅಳತೆ ಮಾಡಿ ಜಮೀನು ಬೇರೆ ಮಾಡುವ ಪೋಡಿಯೂ ಆಗಿಲ್ಲ. ಒಂದು ಮರವನ್ನೂ ಕಡಿಯದವನ ಕಾಫಿ ಬರೀ ಕಾಗದ ಇಲ್ಲ ಅಂತ ಹೊರಗುಳಿದರೆ ಅದು ಯಾವ ನ್ಯಾಯ?

ಹಂಚಿಕೆ ಆಮೇಲೆ ಅಂದರೆ ಆ ಹೊತ್ತಿಗೆ ಮರವೂ ಇರಲ್ಲ, ಸಣ್ಣ ಬೆಳೆಗಾರನೂ ಇರಲ್ಲ. ರಜೆಗೆ ಊರಿಗೆ ಹೋದಾಗ ನಿಮ್ಮ ಪಹಣಿ ಯಾರ ಹೆಸರಲ್ಲಿದೆ ನೋಡು. ಅಜ್ಜನ ಹೆಸರಲ್ಲೇ ಇದ್ದರೆ ಅಪ್ಪನನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರೋದಕ್ಕೆ, ಅರ್ಜಿ ಹಾಕಿಸು. ಪಕ್ಕದ ಮನೆಯವರದ್ದೂ ಕೇಳು.