ವಿಂಡ್‌ಶೀಲ್ಡ್ ಬದಲಿಸಿದ ಮೇಲೆ ಅಡಾಸ್ ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿಸಲೇಬೇಕಾ?

ಹೌದು, ಮಾಡಿಸಲೇಬೇಕು. ಅಡಾಸ್ ಅಂದರೆ ರಸ್ತೆ ನೋಡಿ ಬ್ರೇಕ್ ಹಾಕಲು, ಲೇನ್‌ನಲ್ಲೇ ಇರಲು ನೆರವಾಗುವ ಚಾಲಕ-ಸಹಾಯ ವ್ಯವಸ್ಥೆ; ಕ್ಯಾಲಿಬ್ರೇಷನ್ ಅಂದರೆ ಅದರ ಕ್ಯಾಮೆರಾದ ನೋಟವನ್ನು ಮತ್ತೆ ಸರಿಯಾಗಿ ಹೊಂದಿಸುವುದು. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬಂದಿಲ್ಲ ಅಂತ ಸುಮ್ನೆ ಬಿಡಬೇಡಿ. ಕ್ಯಾಮೆರಾದ ಕೋನ ಸ್ವಲ್ಪ ತಪ್ಪಿದ್ದರೆ ಎಷ್ಟೋ ಸಲ ದೀಪ ಬರುವುದೇ ಇಲ್ಲ.

ಎಕ್ಸ್‌ಯುವಿ700, ಹೋಂಡಾ ಸಿಟಿ ಹೈಬ್ರಿಡ್‌ನಂಥ ಕಾರುಗಳಲ್ಲಿ ಈ ಕ್ಯಾಮೆರಾ ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ತಾಗಿಕೊಂಡೇ ಕೂತಿರುತ್ತದೆ. ಹೊಸ ಗಾಜು ಕೂರಿಸುವಾಗ ಅದರ ನೋಟ ಬರೀ 1 ಡಿಗ್ರಿ ಪಕ್ಕಕ್ಕೆ ತಿರುಗಿದರೂ 50 ಮೀಟರ್ ದೂರದಲ್ಲಿ ಸುಮಾರು 87 ಸೆಂಟಿಮೀಟರ್ ವ್ಯತ್ಯಾಸ! ಪಕ್ಕದ ಲೇನಿನ ಬೈಕ್ ನಿಮ್ಮ ಮುಂದೆಯೇ ಇದೆ ಅಂತ ಕಾರು ದಿಢೀರ್ ಬ್ರೇಕ್ ಹಾಕಬಹುದು. ನಿಜವಾಗಿ ಮುಂದಿರುವುದನ್ನು ಗಮನಿಸದೆಯೂ ಇರಬಹುದು. ನನಗೆ ಈ ಎರಡನೆಯದೇ ಜಾಸ್ತಿ ಭಯ.

ವಿಧಾನ ಕಾರಿನ ಮೇಲೆ ಹೋಗುತ್ತದೆ. ಕೆಲವಕ್ಕೆ ವರ್ಕ್‌ಶಾಪಿನ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಅಳತೆ ಹಿಡಿದು ಎದುರಿಗೆ ಗುರಿ ಫಲಕ ಇಡುತ್ತಾರೆ. ಟೈರ್ ಗಾಳಿ, ವೀಲ್ ಅಲೈನ್‌ಮೆಂಟ್ ಮೊದಲೇ ಸರಿ ಇರಬೇಕು. ಇನ್ನು ಕೆಲವಕ್ಕೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಜೋಡಿಸಿ, ಲೇನ್ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ ಓಡಿಸಬೇಕು. ಕೆಲವು ಕಾರುಗಳಿಗೆ ಎರಡೂ ಬೇಕು.

ಗಾಜು ಕೂಡ ಅದೇ ಮಾದರಿಗೆ, ಕ್ಯಾಮೆರಾ ಇರುವ ಕಾರಿಗೇ ಮಾಡಿದ್ದಾಗಿರಲಿ. ಇನ್ಶೂರೆನ್ಸ್ ಕ್ಲೇಮ್ ಮಾಡುವುದಾದರೆ ಕ್ಯಾಲಿಬ್ರೇಷನ್ ಖರ್ಚನ್ನೂ ಎಸ್ಟಿಮೇಟ್‌ನಲ್ಲೇ ಬರೆಸಿ, ಸ್ಕ್ಯಾನರ್ ರಿಪೋರ್ಟ್ ಕೇಳಿ ಪಡೆಯಿರಿ. ಕ್ಯಾಲಿಬ್ರೇಷನ್ ಮುಗಿಯುವವರೆಗೆ ಲೇನ್ ಅಸಿಸ್ಟ್ (ಲೇನ್‌ನಲ್ಲೇ ಇರಿಸುವ ನೆರವು), ಕ್ರೂಸ್ ಕಂಟ್ರೋಲ್ (ವೇಗ ತಾನೇ ಕಾಯುವುದು) ನಂಬಿ ಓಡಿಸಬೇಡಿ.